ಮಂಜೂರಾತಿಯಿಂದ ಪಾಸ್‌ಬುಕ್‌ವರೆಗೆ: ನಿರುದ್ಯೋಗ ಭತ್ಯೆ ಮತ್ತು ನೇರ ನಗದು ವರ್ಗಾವಣೆ

(ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸಿಬ್ಬಂದಿಗಾಗಿ ಏರ್ಪಡಿಸಿದ್ದ ತರಬೇತಿಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪೂರ್ಣಪಾಠ)



ನನಗೆ ವಹಿಸಿರುವ ವಿಷಯ ನಿರುದ್ಯೋಗ ಭತ್ಯೆಯನ್ನು ನೇರವಾಗಿ ಬ್ಯಾಂಕ್ ಖಾತೆಗೆ ಪಡೆಯುವ ಬಗೆ. ಇದನ್ನು ಸುತ್ತೋಲೆಯ ಭಾಷೆಯಲ್ಲಿ ಹತ್ತು ನಿಮಿಷದಲ್ಲಿ ಓದಿ ಮುಗಿಸಬಹುದು. ಆದರೆ ಈ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿದ್ದೇನೆ. ಅದನ್ನು ಮೊದಲು ನಿಮ್ಮ ಮುಂದಿಟ್ಟು, ಅದರಿಂದ ಕಲಿತದ್ದನ್ನು ಆಮೇಲೆ ಹೇಳುವುದು ಹೆಚ್ಚು ಪ್ರಯೋಜನಕಾರಿ ಎಂದು ಭಾವಿಸುತ್ತೇನೆ.

ಈ ವರ್ಷದ ಬೇಸಿಗೆಯಲ್ಲಿ ಒಬ್ಬ ತಾಯಿ ಮತ್ತು ಮಗಳು ನಮ್ಮ ಪಂಚಾಯಿತಿ ಕಚೇರಿಗೆ ಬಂದರು. ಮಗಳು 2023ರಲ್ಲಿ ಬಿ.ಎ. ಮುಗಿಸಿದವಳು. ಯುವನಿಧಿಗೆ ಅರ್ಜಿ ಹಾಕಿದ್ದಳು, ಅರ್ಜಿ ಮಂಜೂರಾಗಿತ್ತು, ಆದರೆ ಹಣ ಬಂದಿರಲಿಲ್ಲ. ನಾನು ಆಕೆಯ ಮೊಬೈಲಿನಲ್ಲಿಯೇ ಡಿಬಿಟಿ ಕರ್ನಾಟಕ ಆ್ಯಪ್ ತೆರೆಸಿ ನೋಡಿದೆ. ಪಾವತಿ ಯಶಸ್ವಿಯಾಗಿದೆ ಎಂದಿತ್ತು. "ಹಣ ಬಿದ್ದಿದೆ ಕಣಮ್ಮ, ಬ್ಯಾಂಕಿನಲ್ಲಿ ವಿಚಾರಿಸಿ" ಎಂದು ಕಳಿಸಿದೆ. ಬ್ಯಾಂಕಿನಲ್ಲಿ ಪಾಸ್‌ಬುಕ್ ನಮೂದಿಸಿಕೊಟ್ಟು, ಯಾವ ಜಮೆಯೂ ಆಗಿಲ್ಲ, ಪಂಚಾಯಿತಿಯಲ್ಲೇ ಕೇಳಿ ಎಂದರು. ಅವರು ಮರಳಿ ಬಂದರು. ನಾನು ಮತ್ತೆ ನೋಡಿ ಮತ್ತೆ ಅದನ್ನೇ ಹೇಳಿದೆ. ಹೀಗೆ ಮೂರು ಸಲ ನಡೆಯಿತು. ಪ್ರತಿ ಸಲವೂ ಆ ತಾಯಿಗೆ ಒಂದು ದಿನದ ಕೂಲಿ ಹೋಯಿತು.

ನಾಲ್ಕನೆಯ ಸಲ ಬಂದಾಗ ಆ ತಾಯಿ ಕೇಳಿದರು: "ಸಾರ್, ನೀವೂ ಸುಳ್ಳು ಹೇಳ್ತಿಲ್ಲ, ಬ್ಯಾಂಕ್‌ನವ್ರೂ ಸುಳ್ಳು ಹೇಳ್ತಿಲ್ಲ. ಹಂಗಾದ್ರೆ ದುಡ್ಡು ಎಲ್ಲಿ ನಿಂತೈತೆ?"

ಆ ಪ್ರಶ್ನೆಯನ್ನು ನಾನು ನನಗೆ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅದೇ ಆ್ಯಪ್‌ನಲ್ಲಿ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ತೋರಿಸುವ ಇನ್ನೊಂದು ಪುಟವಿದೆ. ಅದನ್ನು ಅಂದು ತೆರೆದೆ. ಅಲ್ಲಿದ್ದುದು ಅವರ ಊರಿನ ಬ್ಯಾಂಕಿನ ಹೆಸರಲ್ಲ. ಹುಡುಗಿ ಕಾಲೇಜಿಗೆ ಸೇರಿದಾಗ ವಿದ್ಯಾರ್ಥಿವೇತನಕ್ಕೆಂದು ಪಟ್ಟಣದಲ್ಲಿ ತೆರೆದಿದ್ದ ಇನ್ನೊಂದು ಬ್ಯಾಂಕಿನ ಖಾತೆ ಅದು. ಒಂದು ವರ್ಷ ವಿದ್ಯಾರ್ಥಿವೇತನ ಬಂದ ಮೇಲೆ ಆ ಪಾಸ್‌ಬುಕ್ ಕಪಾಟಿನ ತಳ ಸೇರಿತ್ತು. ನಾಲ್ಕು ತಿಂಗಳ 12,000 ರೂಪಾಯಿ ಅಲ್ಲಿ ಸದ್ದಿಲ್ಲದೆ ಕುಳಿತಿತ್ತು. ಸರ್ಕಾರ ಕೊಟ್ಟಿತ್ತು, ಹಣ ಸೇರಬೇಕಾದವಳ ಹೆಸರಿಗೇ ಸೇರಿತ್ತು. ಹಾಗಿದ್ದೂ ಅದು ಆಕೆಯ ಕೈ ಸೇರಿರಲಿಲ್ಲ. ಎರಡು ನಿಮಿಷದಲ್ಲಿ ನಾನು ಹೇಳಬಹುದಾಗಿದ್ದ ಉತ್ತರಕ್ಕಾಗಿ ಅವರು ನಾಲ್ಕು ಸಲ ನಡೆದಿದ್ದರು.

ನಮ್ಮ ಊರುಗಳ ನೀರುಗಂಟಿಯನ್ನು ನೀವೆಲ್ಲ ಬಲ್ಲಿರಿ. ಕೊನೆಯ ಬೀದಿಯ ನಲ್ಲಿಗೆ ನೀರು ಬಂದಿಲ್ಲವೆಂದು ದೂರು ಬಂದರೆ ಆತ "ಟ್ಯಾಂಕ್ ತುಂಬಿದೆ, ಹೋಗಿ" ಎಂದು ಹೇಳುವುದಿಲ್ಲ. ಹೇಳಿದರೆ ಜನ ಬಿಡುವುದೂ ಇಲ್ಲ. ಟ್ಯಾಂಕಿನಿಂದ ಹೊರಟು, ಒಂದೊಂದೇ ವಾಲ್ವ್ ತಿರುಗಿಸಿ ನೋಡುತ್ತ, ನೀರು ಎಲ್ಲಿ ನಿಂತಿದೆ ಎಂಬುದು ಸಿಗುವವರೆಗೆ ಕೊಳವೆಯ ಜೊತೆಗೇ ನಡೆಯುತ್ತಾನೆ. ನಾನು ಇಂಜಿನಿಯರಿಂಗ್ ಓದಿದವನು. ಆದರೆ ಈ ಪ್ರಕರಣದಲ್ಲಿ ನಮ್ಮ ನೀರುಗಂಟಿಗೆ ತಿಳಿದಷ್ಟು ನನಗೆ ತಿಳಿಯಲಿಲ್ಲ. ಭತ್ಯೆಯ ವಿಷಯದಲ್ಲಿ ನಾವೆಲ್ಲರೂ ನೀರುಗಂಟಿಯ ಕ್ರಮವನ್ನು ಅನುಸರಿಸಬೇಕು ಎಂಬುದೇ ಇಂದಿನ ನನ್ನ ಮಾತಿನ ಸಾರ.

ಭತ್ಯೆಗಳು ಯಾವುವು

ನಮ್ಮ ಜನರಿಗೆ ಕೆಲಸವಿಲ್ಲದ ಕಾಲದಲ್ಲಿ ಕಾನೂನು ಅಥವಾ ಯೋಜನೆಯ ಮೂಲಕ ದೊರೆಯಬಹುದಾದ ಹಣ ಮುಖ್ಯವಾಗಿ ಮೂರು ದಾರಿಗಳಲ್ಲಿ ಬರುತ್ತದೆ.

ಮೊದಲನೆಯದು ಯುವನಿಧಿ. ಇದು ರಾಜ್ಯ ಸರ್ಕಾರದ ಐದು ಗ್ಯಾರಂಟಿ ಯೋಜನೆಗಳಲ್ಲಿ ಒಂದು. ಕೌಶಲ್ಯಾಭಿವೃದ್ಧಿ, ಉದ್ಯಮಶೀಲತೆ ಮತ್ತು ಜೀವನೋಪಾಯ ಇಲಾಖೆ ಇದನ್ನು ನಿರ್ವಹಿಸುತ್ತದೆ. 2023ರ ಡಿಸೆಂಬರ್ 26ರಂದು ನೋಂದಣಿ ಆರಂಭವಾಗಿ, 2024ರ ಜನವರಿ 12ರಂದು, ಸ್ವಾಮಿ ವಿವೇಕಾನಂದರ ಜಯಂತಿಯ ದಿನ, ಶಿವಮೊಗ್ಗದಲ್ಲಿ ಮೊದಲ ಪಾವತಿಗೆ ಚಾಲನೆ ದೊರೆಯಿತು. 2022-23ನೇ ಶೈಕ್ಷಣಿಕ ವರ್ಷದಲ್ಲಿ ತೇರ್ಗಡೆಯಾದವರಿಂದ ಯೋಜನೆ ಆರಂಭವಾಗಿದೆ. ತೇರ್ಗಡೆಯಾಗಿ 180 ದಿನ ಕಳೆದರೂ ಉದ್ಯೋಗ ದೊರೆಯದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ. ಉದ್ಯೋಗ ದೊರೆಯುವವರೆಗೆ ಅಥವಾ ಎರಡು ವರ್ಷ, ಯಾವುದು ಮೊದಲೋ ಅಲ್ಲಿಯವರೆಗೆ. ಪೂರ್ಣ ಅವಧಿಗೆ ಲೆಕ್ಕ ಹಾಕಿದರೆ ಪದವೀಧರರಿಗೆ 72,000, ಡಿಪ್ಲೊಮಾದವರಿಗೆ 36,000 ರೂಪಾಯಿ. ಉನ್ನತ ವ್ಯಾಸಂಗ ಮುಂದುವರಿಸಿದವರು, ಅಪ್ರೆಂಟಿಸ್ ವೇತನ ಪಡೆಯುತ್ತಿರುವವರು, ಸರ್ಕಾರಿ ಅಥವಾ ಖಾಸಗಿ ಉದ್ಯೋಗದಲ್ಲಿರುವವರು ಅರ್ಹರಲ್ಲ. ಸೇವಾಸಿಂಧು ಗ್ಯಾರಂಟಿ ಪೋರ್ಟಲ್‌ನಲ್ಲಿ ಸ್ವತಃ ಅರ್ಜಿ ಹಾಕಬಹುದು. ಗ್ರಾಮ ಒನ್ ಕೇಂದ್ರ, ನಮ್ಮ ಬಾಪೂಜಿ ಸೇವಾ ಕೇಂದ್ರಗಳಲ್ಲಿಯೂ ಹಾಕಬಹುದು.

ಎರಡನೆಯದು ನರೇಗಾ ಕಾಯ್ದೆಯ ನಿರುದ್ಯೋಗ ಭತ್ಯೆ. ಇದರ ಬಗ್ಗೆ ಮುಂದೆ ಪ್ರತ್ಯೇಕವಾಗಿ ಹೇಳುತ್ತೇನೆ, ಏಕೆಂದರೆ ಇದು ನೇರವಾಗಿ ನಮ್ಮ ಹೊಣೆ.

ಮೂರನೆಯದು ಇ.ಎಸ್.ಐ. ವಿಮೆಗೆ ಒಳಪಟ್ಟ ಕಾರ್ಮಿಕರಿಗೆ ಸಂಬಂಧಿಸಿದ್ದು. ಹಾಸನದ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಿಂದ ನಸುಕಿನಲ್ಲಿಯೇ ಬಸ್ಸು ಹತ್ತಿ ಹೋಗುವ ಹೆಣ್ಣುಮಕ್ಕಳನ್ನು ನಾವು ದಿನವೂ ಕಾಣುತ್ತೇವೆ. ಅವರಲ್ಲಿ ಯಾರಾದರೂ ಕೆಲಸ ಕಳೆದುಕೊಂಡರೆ, 2018ರ ಜುಲೈ 1ರಂದು ಜಾರಿಗೆ ಬಂದ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆಯಡಿ, ವಂತಿಗೆಯ ಷರತ್ತುಗಳಿಗೆ ಒಳಪಟ್ಟು, ಸರಾಸರಿ ದಿನಗೂಲಿಯ ಶೇ. 50ರಷ್ಟನ್ನು ಗರಿಷ್ಠ 90 ದಿನಗಳವರೆಗೆ ಪಡೆಯಬಹುದು. ಜೀವಿತಾವಧಿಯಲ್ಲಿ ಒಮ್ಮೆ ಮಾತ್ರ ದೊರೆಯುವ ಸೌಲಭ್ಯವಿದು. ಕೆಲಸ ಬಿಡಿಸಿದಾಗ ಸಂಬಳದ ಚೀಟಿಯನ್ನೂ ಇ.ಎಸ್.ಐ. ಸಂಖ್ಯೆಯನ್ನೂ ಜೋಪಾನವಾಗಿಡಿ ಎಂದು ನಾವು ಹೇಳಿದರೂ ಅದೊಂದು ಉಪಕಾರ.

ಮೂರೂ ಭತ್ಯೆಗಳ ಮೂಲ ಬೇರೆ, ಇಲಾಖೆ ಬೇರೆ. ಆದರೆ ಕೊನೆಗೆ ಮೂರೂ ಬಂದು ನಿಲ್ಲುವುದು ಬ್ಯಾಂಕ್ ಖಾತೆಯಲ್ಲಿಯೇ.

ಹಣ ನಡೆಯುವ ದಾರಿ

ಆಧಾರ್ ಆಧಾರಿತ ಪಾವತಿಯಲ್ಲಿ ಸರ್ಕಾರ ಹಣ ಕಳಿಸುವಾಗ ಖಾತೆಯ ಸಂಖ್ಯೆಯನ್ನು ನೋಡುವುದಿಲ್ಲ, ಆಧಾರ್ ಸಂಖ್ಯೆಯನ್ನು ನೋಡುತ್ತದೆ. ಯಾವ ಆಧಾರ್ ಸಂಖ್ಯೆಯ ಹಣ ಯಾವ ಬ್ಯಾಂಕಿಗೆ ಹೋಗಬೇಕು ಎಂಬ ಪಟ್ಟಿಯನ್ನು ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ ಇಟ್ಟುಕೊಂಡಿರುತ್ತದೆ. ಇದನ್ನೇ ನಾವು ಮ್ಯಾಪಿಂಗ್ ಎನ್ನುತ್ತೇವೆ. ಈ ಪಟ್ಟಿಯಲ್ಲಿ ಒಂದು ಆಧಾರ್ ಸಂಖ್ಯೆಯ ಎದುರು ಒಂದು ಸಮಯಕ್ಕೆ ಒಂದೇ ಬ್ಯಾಂಕಿನ ಹೆಸರಿರುತ್ತದೆ. ತೀರಾ ಇತ್ತೀಚೆಗೆ ಯಾವ ಬ್ಯಾಂಕು ಫಲಾನುಭವಿಯ ಒಪ್ಪಿಗೆ ಪಡೆದು ಮ್ಯಾಪಿಂಗ್ ಮಾಡಿಸಿತೋ ಆ ಬ್ಯಾಂಕಿಗೇ ಹಣ ಹೋಗುತ್ತದೆ. ಹಳೆಯ ಬ್ಯಾಂಕಿನ ಹೆಸರು ತಾನಾಗಿ ಅಳಿದುಹೋಗುತ್ತದೆ.

ಇಲ್ಲಿ ಎರಡು ಮಾತುಗಳ ವ್ಯತ್ಯಾಸವನ್ನು ನಾವು ಸ್ಪಷ್ಟವಾಗಿ ಅರಿಯಬೇಕು. ಖಾತೆ ತೆರೆಯುವಾಗ ಗುರುತಿನ ದಾಖಲೆಯಾಗಿ ಆಧಾರ್ ಪ್ರತಿ ಕೊಡುವುದು ಬೇರೆ. ಸರ್ಕಾರದ ಸೌಲಭ್ಯ ಇದೇ ಖಾತೆಗೆ ಬರಲಿ ಎಂದು ಒಪ್ಪಿಗೆ ಪತ್ರ ಕೊಟ್ಟು ಮ್ಯಾಪಿಂಗ್ ಮಾಡಿಸುವುದು ಬೇರೆ. "ನಾನು ಬ್ಯಾಂಕಿಗೆ ಆಧಾರ್ ಕೊಟ್ಟಿದ್ದೇನೆ" ಎಂದು ಜನ ಹೇಳಿದಾಗ ಅವರು ಮೊದಲನೆಯದನ್ನು ಹೇಳುತ್ತಿರುತ್ತಾರೆ. ನಾವು ಎರಡನೆಯದನ್ನು ಕೇಳಿಸಿಕೊಳ್ಳುತ್ತೇವೆ. ಅರ್ಧದಷ್ಟು ಅಲೆದಾಟ ಹುಟ್ಟುವುದು ಇಲ್ಲಿಯೇ ಎಂಬುದು ನನ್ನ ಅನುಭವ.

ಆದುದರಿಂದ ಹಣ ಬಂದಿಲ್ಲವೆಂದು ಯಾರೇ ಬಂದರೂ ನಾಲ್ಕು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳೋಣ.

ಒಂದು, ಅರ್ಜಿ ಮಂಜೂರಾಗಿದೆಯೇ? ಅಂಕಪಟ್ಟಿಯಲ್ಲಿರುವ ಹೆಸರಿಗೂ ಆಧಾರ್‌ನಲ್ಲಿರುವ ಹೆಸರಿಗೂ ಹೊಂದಾಣಿಕೆ ಇದೆಯೇ? ನಮ್ಮ ಕಡೆ ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಮೊದಲ ಅಕ್ಷರ, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು, ಉದ್ಯೋಗ ಚೀಟಿಯಲ್ಲಿ ಮನೆಯಲ್ಲಿ ಕರೆಯುವ ಹೆಸರು, ಹೀಗೆ ಒಬ್ಬರೇ ಮೂವರಾಗಿರುತ್ತಾರೆ.

ಎರಡು, ಆಧಾರ್ ಯಾವ ಬ್ಯಾಂಕಿಗೆ ಮ್ಯಾಪಿಂಗ್ ಆಗಿದೆ? ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ಎಂಬ ಕಡೆ, ಇಲ್ಲವೇ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಇದು ಕಾಣುತ್ತದೆ. ಎರಡಕ್ಕೂ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ ಬೇಕು. ಮದುವೆಯಾಗಿ ಬಂದ ಹೆಣ್ಣುಮಕ್ಕಳ ಆಧಾರ್‌ನಲ್ಲಿ ತವರಿನ ಯಾರದೋ ಮೊಬೈಲ್ ಸಂಖ್ಯೆ ಇರುವುದು ಸಾಮಾನ್ಯ. ಹಾಗಿದ್ದರೆ ಆಧಾರ್ ಕೇಂದ್ರದಲ್ಲಿ ಸಂಖ್ಯೆ ಬದಲಿಸುವುದೇ ಮೊದಲ ಕೆಲಸ.

ಮೂರು, ಆ ಖಾತೆ ಚಾಲ್ತಿಯಲ್ಲಿದೆಯೇ? ಖಾತೆದಾರರು ಎರಡು ವರ್ಷಕ್ಕಿಂತ ಹೆಚ್ಚು ಕಾಲ ವ್ಯವಹಾರ ಮಾಡದ ಖಾತೆಯನ್ನು ಬ್ಯಾಂಕುಗಳು ನಿಷ್ಕ್ರಿಯ ಖಾತೆ ಎಂದು ಗುರುತಿಸುತ್ತವೆ. ಹಣ ಒಳಗೆ ಹೋಗಿದ್ದರೂ ಹೊರಗೆ ತೆಗೆಯಲು ಮತ್ತೊಮ್ಮೆ ಕೆವೈಸಿ ಮಾಡಿಸಬೇಕಾಗುತ್ತದೆ.

ನಾಲ್ಕು, ಯುವನಿಧಿಯಾದರೆ ಸ್ವಯಂ ಘೋಷಣೆ ಸಲ್ಲಿಸಿದ್ದಾರೆಯೇ? ತಾನು ಇನ್ನೂ ನಿರುದ್ಯೋಗಿ, ವ್ಯಾಸಂಗ ಮುಂದುವರಿಸಿಲ್ಲ ಎಂಬ ಘೋಷಣೆಯನ್ನು ನಿಗದಿತ ದಿನಾಂಕದೊಳಗೆ ಪೋರ್ಟಲ್‌ನಲ್ಲಿ ಸಲ್ಲಿಸಬೇಕು. ಅದನ್ನು ಮರೆತರೆ ಬೇರೆಲ್ಲವೂ ಸರಿಯಿದ್ದರೂ ಪಾವತಿ ನಿಲ್ಲುತ್ತದೆ. ಕೆಲಸ ಸಿಕ್ಕವರು ಪ್ರಾಮಾಣಿಕವಾಗಿ ತಿಳಿಸಬೇಕೆಂಬುದನ್ನೂ, ಸುಳ್ಳು ಘೋಷಣೆಗೆ ದಂಡವಿದೆ ಎಂಬುದನ್ನೂ ಇದೇ ಸಂದರ್ಭದಲ್ಲಿ ಹೇಳೋಣ.

ಈ ನಾಲ್ಕರ ಉತ್ತರವನ್ನು ಬಾಯಿಮಾತಿನಲ್ಲಿ ಹೇಳಿ ಕಳಿಸಬಾರದು. ಒಂದು ಚೀಟಿಯಲ್ಲಿ ಬರೆದು ಕೊಡೋಣ: ಮ್ಯಾಪಿಂಗ್ ಆಗಿರುವ ಬ್ಯಾಂಕು ಇದು, ಪಾವತಿಯ ದಿನಾಂಕ ಇದು, ಮಾಡಬೇಕಾದುದು ಇದು. ಬ್ಯಾಂಕಿನ ಕೌಂಟರಿನ ಮುಂದೆ ನಿಂತ ತಾಯಿಗೆ ನಮ್ಮ ವಿವರಣೆಯೆಲ್ಲ ನೆನಪಿರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಚೀಟಿ ಇದ್ದರೆ ಬ್ಯಾಂಕಿನವರಿಗೂ ಕೆಲಸ ಸುಲಭ.

ಒಟಿಪಿಯನ್ನು ಫೋನಿನಲ್ಲಿ ಕೇಳುವ ಯಾರಿಗೂ ಕೊಡಬಾರದೆಂದೂ, ಬೆರಳಚ್ಚು ಒತ್ತಿ ಹಣ ಪಡೆಯುವ ಕಡೆ ಮುದ್ರಿತ ರಸೀದಿ ಕೇಳಿ ಪಡೆಯಬೇಕೆಂದೂ ಪ್ರತಿಯೊಬ್ಬರಿಗೂ ತಿಳಿಸಬೇಕು. ಹಣ ನೇರವಾಗಿ ಬಂದ ಮಾತ್ರಕ್ಕೆ ನಡುವೆ ಕೈಹಾಕುವವರು ಇಲ್ಲವಾಗುವುದಿಲ್ಲ.

ನಾವು ಕೊಡದ ಸ್ವೀಕೃತಿ

ಈಗ ನರೇಗಾ ವಿಷಯಕ್ಕೆ ಬರುತ್ತೇನೆ. ಇದು ನಮ್ಮೊಳಗೆ ಆಡಿಕೊಳ್ಳಬೇಕಾದ ಮಾತು, ಸ್ವಲ್ಪ ಇರಿಸುಮುರಿಸಿನ ಮಾತು ಕೂಡ.

2005ರ ಕಾಯ್ದೆ ನಮ್ಮ ಹಾಸನ ಜಿಲ್ಲೆಗೆ 2007ರಲ್ಲಿ, ಎರಡನೆಯ ಹಂತದಲ್ಲಿ ಅನ್ವಯವಾಯಿತು. ಗ್ರಾಮೀಣ ಕುಟುಂಬವೊಂದಕ್ಕೆ ಆರ್ಥಿಕ ವರ್ಷದಲ್ಲಿ ಆ ಕಾಯ್ದೆ ಕೊಟ್ಟ 100 ದಿನಗಳ ಕೂಲಿ ಕೆಲಸದ ಖಾತರಿ ನಮಗೆಲ್ಲ ಕಂಠಪಾಠ. ಆದರೆ ಅದೇ ಕಾಯ್ದೆಯ 7ನೇ ಪ್ರಕರಣವನ್ನು ನಾವು ಅಷ್ಟಾಗಿ ಓದುವುದಿಲ್ಲ. ಕೆಲಸ ಕೇಳಿ ಅರ್ಜಿ ಕೊಟ್ಟ 15 ದಿನಗಳೊಳಗೆ ಕೆಲಸ ಕೊಡದಿದ್ದರೆ ಅರ್ಜಿದಾರರಿಗೆ ನಿರುದ್ಯೋಗ ಭತ್ಯೆ ಕೊಡಬೇಕು. ಮೊದಲ 30 ದಿನಗಳಿಗೆ ಕೂಲಿ ದರದ ಕಾಲು ಭಾಗಕ್ಕೆ ಕಡಿಮೆಯಿಲ್ಲದಂತೆ, ಆನಂತರದ ದಿನಗಳಿಗೆ ಅರ್ಧಕ್ಕೆ ಕಡಿಮೆಯಿಲ್ಲದಂತೆ.

ಲೆಕ್ಕ ಹಾಕಿ ನೋಡೋಣ. 2024-25ನೇ ಸಾಲಿಗೆ ನಮ್ಮ ರಾಜ್ಯದ ಕೂಲಿ ದರ 349 ರೂಪಾಯಿ ಆಗಿತ್ತು. ಅದರ ಕಾಲು ಭಾಗ 87 ರೂಪಾಯಿ 25 ಪೈಸೆ, ಅರ್ಧ ಭಾಗ 174 ರೂಪಾಯಿ 50 ಪೈಸೆ. ಒಬ್ಬ ಹೆಣ್ಣುಮಗಳಿಗೆ 15 ದಿನ ಕಳೆದ ಮೇಲೂ 40 ದಿನ ನಾವು ಕೆಲಸ ಕೊಡಲಿಲ್ಲವೆಂದರೆ, ಮೊದಲ 30 ದಿನಕ್ಕೆ 2,617 ರೂಪಾಯಿ 50 ಪೈಸೆ, ಉಳಿದ 10 ದಿನಕ್ಕೆ 1,745 ರೂಪಾಯಿ, ಆ ದರದಲ್ಲಿ ಒಟ್ಟು 4,362 ರೂಪಾಯಿ 50 ಪೈಸೆ ಆಕೆಗೆ ಸಲ್ಲಬೇಕಿತ್ತು. ಈ ಕಾಯ್ದೆಯಂತೆ ಕೂಲಿಯ ಹಣವನ್ನು ಕೇಂದ್ರ ಸರ್ಕಾರ ಭರಿಸಬೇಕು. ಈ ಭತ್ಯೆಯನ್ನು ಭರಿಸಬೇಕಾದುದು ರಾಜ್ಯ ಸರ್ಕಾರ. ಕಾಯ್ದೆ ಹೀಗೆ ವಿಭಾಗಿಸಿರುವುದರ ಉದ್ದೇಶ, ಕೆಲಸ ಕೊಡಬೇಕಾದ ಆಡಳಿತವನ್ನು ಎಚ್ಚರವಾಗಿಡುವುದು.

ನನ್ನ ಸೇವಾವಧಿಯಲ್ಲಿ ಈ ಭತ್ಯೆಗಾಗಿ ಒಂದು ಅರ್ಜಿಯೂ ನನ್ನ ಮೇಜಿಗೆ ಬಂದಿರಲಿಲ್ಲ. ಬಹಳ ದಿನ ಅದನ್ನು ನಮ್ಮ ಪಂಚಾಯಿತಿಯ ಹೆಗ್ಗಳಿಕೆ ಎಂದುಕೊಂಡಿದ್ದೆ. ಕೇಳಿದವರಿಗೆಲ್ಲ ಕೆಲಸ ಕೊಟ್ಟಿದ್ದೇವೆ ಎಂದು ಅದರ ಅರ್ಥ ಮಾಡಿಕೊಂಡಿದ್ದೆ. ಆ ತಾಯಿಯ ಪ್ರಶ್ನೆಯ ನಂತರ ಒಂದು ಸಂಜೆ ಕುಳಿತು ನಮೂನೆ-6ರ ಕಡತವನ್ನು ಮೊದಲಿನಿಂದ ತಿರುವಿ ಹಾಕಿದೆ. ಅರ್ಜಿಗಳಿದ್ದವು. ಅನೇಕ ಅರ್ಜಿಗಳ ಮೇಲೆ ದಿನಾಂಕವಿರಲಿಲ್ಲ. ಕೆಲವದರಲ್ಲಿ ಅರ್ಜಿಯ ದಿನಾಂಕವೂ ಕೆಲಸ ಆರಂಭವಾದ ದಿನಾಂಕವೂ ಒಂದೇ ಆಗಿತ್ತು. ಎಂದರೆ, ಕೆಲಸ ಸಿದ್ಧವಾದ ಮೇಲೆ ನಾವೇ ಅರ್ಜಿ ಬರೆಸಿಕೊಂಡಿದ್ದೆವು. ಜನ ಮೊದಲು ಬಾಯಲ್ಲಿ ಕೇಳಿದ್ದು ಎಂದು, ಎಷ್ಟು ದಿನ ಕಾದರು ಎಂಬುದಕ್ಕೆ ಯಾವ ಕಾಗದವೂ ಇರಲಿಲ್ಲ. ದಿನಾಂಕ ಹಾಕಿದ ಸ್ವೀಕೃತಿ ಇಲ್ಲದವರಿಗೆ 15 ದಿನ ಆರಂಭವಾಗುವುದೇ ಇಲ್ಲ. ಭತ್ಯೆಯ ಅರ್ಜಿ ಬಾರದಿದ್ದುದಕ್ಕೆ ಕಾರಣ ನಮ್ಮ ದಕ್ಷತೆ ಎಂದು ಹೇಳುವ ಧೈರ್ಯ ಈಗ ನನಗಿಲ್ಲ.

ನಿಮ್ಮಲ್ಲಿ ಕೆಲವರ ಮುಖದಲ್ಲಿ ಮೂಡಿರುವ ಪ್ರಶ್ನೆ ನನಗೆ ಅರ್ಥವಾಗುತ್ತದೆ. ಸ್ವೀಕೃತಿ ಕೊಟ್ಟು ಕೆಲಸ ಕೊಡಲಾಗದಿದ್ದರೆ ನಾಳೆ ವಿವರಣೆ ಕೇಳುವುದು ನಮ್ಮನ್ನೇ ಅಲ್ಲವೇ? ಹೌದು, ನಮ್ಮನ್ನೇ. ಕ್ರಿಯಾಯೋಜನೆಗೆ ಅನುಮೋದನೆ ತಡವಾಗಿರುತ್ತದೆ, ಅಂದಾಜು ಪಟ್ಟಿ ಸಿದ್ಧವಾಗಿರುವುದಿಲ್ಲ, ಮಳೆಗಾಲದಲ್ಲಿ ಕೆರೆಯ ಹೂಳು ತೆಗೆಯಲಾಗದು. ಇವೆಲ್ಲ ನಿಜವಾದ ಕಷ್ಟಗಳು, ನಾನೂ ಅನುಭವಿಸುತ್ತಿದ್ದೇನೆ. ಆದರೆ ಆ ಕಷ್ಟಗಳನ್ನು ಮೇಲಿನವರಿಗೆ ತೋರಿಸಲು ನಮ್ಮ ಬಳಿ ಇರುವ ಬಲವಾದ ಸಾಕ್ಷಿ ಆ ದಿನಾಂಕದ ಸ್ವೀಕೃತಿಯೇ. ಅದನ್ನು ಕೊಡದಿದ್ದರೆ ವಿಳಂಬದ ಭಾರವನ್ನೆಲ್ಲ ಕೂಲಿಕಾರರೊಬ್ಬರೇ ಮೌನವಾಗಿ ಹೊರುತ್ತಾರೆ. ಕಾಯ್ದೆ ಆ ಭಾರವನ್ನು ಹೊರಲು ಹೇಳಿರುವುದು ಅವರಿಗಲ್ಲ.

2024ರ ಜನವರಿ 1ರಿಂದ ನರೇಗಾ ಕೂಲಿಗೆ ಆಧಾರ್ ಆಧಾರಿತ ಪಾವತಿ ಕಡ್ಡಾಯವಾಯಿತು ಎಂಬುದು ನಿಮಗೆ ತಿಳಿದಿದೆ. ಹೀಗಾಗಿ ಉದ್ಯೋಗ ಚೀಟಿಯ ಹೆಸರು ತಿದ್ದುವುದು, ಮ್ಯಾಪಿಂಗ್ ಪರಿಶೀಲಿಸುವುದು ಇವೆಲ್ಲ ಕೆಲಸ ಕೇಳಿದ ದಿನವೇ ಆಗಬೇಕು. ಎನ್‌ಎಂಆರ್ ಮುಗಿದು ಪಾವತಿ ತಿರಸ್ಕೃತವಾದ ಮೇಲೆ ಅಲ್ಲ.

ಹಣದ ಬೆಲೆ

ಕೊನೆಯದಾಗಿ ಒಂದು ಸ್ವಂತ ಮಾತು. ಇಂಜಿನಿಯರಿಂಗ್ ಮುಗಿಸಿದ ಮೇಲೆ ನಾನು ಹದಿನಾಲ್ಕು ತಿಂಗಳು ಮನೆಯಲ್ಲಿದ್ದೆ. ಆಗ ಯುವನಿಧಿ ಇರಲಿಲ್ಲ. ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ಬರೆಸಿ ಬಂದಿದ್ದೆ. ಸ್ಪರ್ಧಾತ್ಮಕ ಪರೀಕ್ಷೆಯ ಶುಲ್ಕ ಕಟ್ಟಬೇಕಾದಾಗಲೆಲ್ಲ ಆಲೂಗೆಡ್ಡೆ ಮಾರಿ ಬಂದ ತಂದೆಯ ಮುಂದೆ ನಿಲ್ಲಬೇಕಿತ್ತು. ಅವರು ಒಂದು ದಿನವೂ ಇಲ್ಲವೆನ್ನಲಿಲ್ಲ. ಹಾಗೆಯೇ ಒಂದು ದಿನವೂ ನನ್ನ ಮುಖ ನೋಡಿ ಕೊಡಲಿಲ್ಲ. ನನಗೆ ಸಂಕೋಚವಾಗಬಾರದೆಂದು ಬೇರೆ ಕಡೆ ನೋಡುತ್ತ ಕೊಡುತ್ತಿದ್ದರು. ಒಂದು ಪರೀಕ್ಷೆಗೆ ಹಣ ಕೇಳಲಾಗದೆ ಅರ್ಜಿಯನ್ನೇ ಹಾಕಲಿಲ್ಲ.

ಮೂರು ಸಾವಿರದಲ್ಲಿ ಏನು ಬರುತ್ತದೆ ಎಂದು ಕೇಳುವವರಿದ್ದಾರೆ. ಪರೀಕ್ಷಾ ಶುಲ್ಕ ಬರುತ್ತದೆ, ಹಾಸನಕ್ಕೋ ಬೆಂಗಳೂರಿಗೋ ಸಂದರ್ಶನಕ್ಕೆ ಹೋಗಿಬರುವ ಬಸ್ ಚಾರ್ಜ್ ಬರುತ್ತದೆ, ತಂದೆ ಬೇರೆ ಕಡೆ ನೋಡಬೇಕಾದ ಪ್ರಮೇಯ ಕಡಿಮೆಯಾಗುತ್ತದೆ. ಆದರೆ ಇದೆಲ್ಲ ಆಗುವುದು ಹಣ ಸಕಾಲಕ್ಕೆ ಕೈಸೇರಿದಾಗ ಮಾತ್ರ. ಅರ್ಜಿಯ ಕೊನೆಯ ದಿನ ಕಳೆದ ಮೇಲೆ ಕಪಾಟಿನ ಪಾಸ್‌ಬುಕ್‌ನಲ್ಲಿ ಸಿಗುವ 12,000 ರೂಪಾಯಿ, ಕೊನೆಯ ದಿನಕ್ಕೆ ಮೊದಲು ಸಿಗುವ 500 ರೂಪಾಯಿಗೆ ಸಮವಲ್ಲ.

ಆದುದರಿಂದ ಈ ಸಭೆಯಲ್ಲಿ ನಾಲ್ಕು ವಿನಂತಿಗಳನ್ನು ಮುಂದಿಡುತ್ತೇನೆ. ಕೆಲಸ ಕೇಳಿದ ಪ್ರತಿಯೊಬ್ಬರಿಗೂ ಅಂದೇ ದಿನಾಂಕ ಸಹಿತ ಸ್ವೀಕೃತಿ ಕೊಡೋಣ. ಹಣ ಬಂದಿಲ್ಲವೆಂದು ಬಂದವರಿಗೆ ನಾಲ್ಕು ಪ್ರಶ್ನೆಗಳ ಉತ್ತರವನ್ನು ಬರೆದ ಚೀಟಿ ಕೊಡೋಣ. ಸ್ವಯಂ ಘೋಷಣೆಯ ಕೊನೆಯ ದಿನವನ್ನು ಸೂಚನಾ ಫಲಕದಲ್ಲಿಯೂ ಅರಿವು ಕೇಂದ್ರದ ಬಾಗಿಲಲ್ಲಿಯೂ ಹಾಕೋಣ. ಹಣ ತಲುಪದವರ ಹೆಸರಿಗೆಂದು ಒಂದು ವಹಿ ಇಟ್ಟು, ಹಣ ಕೈಸೇರಿದ ಮೇಲೆ ಮಾತ್ರ ಆ ಹೆಸರಿನ ಮುಂದೆ ಗುರುತು ಹಾಕೋಣ.

ನಮ್ಮ ಪಂಚಾಯಿತಿಯಲ್ಲಿ ಆ ವಹಿಯನ್ನು ಆರಂಭಿಸಿದ್ದೇವೆ. ಮೊದಲ ಸಾಲಿನಲ್ಲಿ ಬರೆದಿರುವುದು ಆ ಹುಡುಗಿಯ ಹೆಸರು. ಕೆವೈಸಿ ಮಾಡಿಸಿ ಹಣ ಪಡೆದ ದಿನ ಆಕೆಯೇ ಬಂದು ಗುರುತು ಹಾಕಿಸಿದಳು. ಅದೇ ವಾರ ಎರಡು ಪರೀಕ್ಷೆಗಳಿಗೆ ಅರ್ಜಿ ಹಾಕಿದ್ದಾಗಿ ಹೇಳಿದಳು. ವಹಿಯಲ್ಲಿ ಇನ್ನೂ ಗುರುತು ಬೀಳದ ಹೆಸರುಗಳಿವೆ. ನಾಳೆ ಕಚೇರಿಗೆ ಹೋದೊಡನೆ ನಾನು ತೆರೆಯಬೇಕಾದುದು ಆ ಪುಟಗಳನ್ನೇ.